ಓದುಗರ ಪ್ರಶ್ನೋತ್ತರ: ಕಡಲ ಬಂಡೆಯ ಮೇಲೆ ಜಾಗಕ್ಕಾಗಿ ಹೋರಾಟ

ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕಡಲ ಬಂಡೆಗಳ ಮೇಲೆ ಹಕ್ಕಳೆಗಟ್ಟಿದಂತೆ ಹರಡುವ ಕೋರಲೈನ್ ಪಾಚಿ ಮತ್ತು ಅದು ಜಾಗಕ್ಕಾಗಿ ನಡೆಸುವ ಹೋರಾಟವೇ ಆ ವಿಷಯ.

ಪ್ರಶ್ನೆ: ಕಡಲಾಳದ ಛಾಯಾಚಿತ್ರಗಳಲ್ಲಿ ಬಂಡೆಗಳಿಗೆ ಗುಲಾಬಿ ಅಥವಾ ನೇರಳೆ ಬಣ್ಣ ಬಳಿದಂತೆ ಕಾಣುವ ಪದರವನ್ನು ಕೆಲವರು ಹವಳವೆನ್ನುತ್ತಾರೆ, ಕೆಲವರು ಪಾಚಿಯೆನ್ನುತ್ತಾರೆ. ಕಲ್ಲಿನಷ್ಟು ಗಟ್ಟಿಯಾಗಿರುವ ವಸ್ತು ಪಾಚಿಯಾಗಿರುವುದು ಹೇಗೆ ಸಾಧ್ಯ?

ಉತ್ತರ: ಅದು ಪಾಚಿಯೇ. ಕೆಂಪು ಪಾಚಿಗಳ ದೊಡ್ಡ ಗುಂಪಿನಲ್ಲಿ ಕೋರಲೈನ್ ಪಾಚಿಗಳೆಂಬ ಬಳಗವಿದೆ. ಅದರಲ್ಲಿ ಕವಲೊಡೆದು ಪೊದೆಯಂತೆ ಮೇಲೇಳುವ ಜಾತಿಗಳೂ ಇವೆ, ಬಂಡೆಗೆ ಅಂಟಿಕೊಂಡು ಹಕ್ಕಳೆಯಂತೆ ಹರಡುವ ಜಾತಿಗಳೂ ಇವೆ. ತಾವು ನೋಡಿರುವುದು ಎರಡನೆಯ ಬಗೆ. ಇವುಗಳ ಜೀವಕೋಶಗಳ ಗೋಡೆಯಲ್ಲಿ ಮೆಗ್ನೀಸಿಯಂ ಹೆಚ್ಚಾಗಿ ಬೆರೆತ ಕ್ಯಾಲ್ಸೈಟ್, ಅಂದರೆ ಒಂದು ಬಗೆಯ ಸುಣ್ಣದ ಹರಳು, ತುಂಬಿಕೊಳ್ಳುತ್ತದೆ. ಹೀಗಾಗಿ ಪಾಚಿಯ ಮೈ ಕಲ್ಲಿನಂತೆ ಗಡುಸಾಗುತ್ತದೆ. ಈ ಗಡುಸುತನ ಹಿಂದಿನ ವಿದ್ವಾಂಸರನ್ನೂ ದಾರಿ ತಪ್ಪಿಸಿತ್ತು. ಹದಿನೆಂಟನೆಯ ಶತಮಾನದಲ್ಲಿ ಇವನ್ನು ಹವಳಗಳ ಜೊತೆಯಲ್ಲೇ ಎಣಿಸುತ್ತಿದ್ದರು. ಇವು ಪ್ರಾಣಿಗಳಲ್ಲ, ಸಸ್ಯಗಳ ಕಡೆಯವು ಎಂಬುದನ್ನು 1837ರಲ್ಲಿ ಜರ್ಮನಿಯ ನಿಸರ್ಗವಿಜ್ಞಾನಿ ಫಿಲಿಪ್ಪಿ ತೋರಿಸಿಕೊಟ್ಟರು.

ಗುಲಾಬಿ ಬಣ್ಣಕ್ಕೆ ಕಾರಣ ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯ. ನೀರಿನಲ್ಲಿ ಆಳಕ್ಕಿಳಿದಂತೆ ಕೆಂಪು ಬೆಳಕು ಮೊದಲು ಮಾಯವಾಗಿ ನೀಲಿ–ಹಸಿರು ಬೆಳಕು ಮಾತ್ರ ಉಳಿಯುತ್ತದೆ, ಮತ್ತು ಈ ವರ್ಣದ್ರವ್ಯ ಹೀರಿಕೊಳ್ಳುವುದು ಅದನ್ನೇ. ಬಹಾಮಾಸ್‌ನ ಸ್ಯಾನ್ ಸಾಲ್ವಡಾರ್ ಬಳಿಯ ಕಡಲಡಿಯ ಬೆಟ್ಟವೊಂದರಲ್ಲಿ 1984ರಲ್ಲಿ 268 ಮೀಟರ್ ಆಳದಲ್ಲಿ ಜೀವಂತ ಕೋರಲೈನ್ ಹಕ್ಕಳೆ ಸಿಕ್ಕಿತು. ಅಲ್ಲಿಗೆ ತಲುಪುವ ಬೆಳಕು ಮೇಲ್ಮೈಯಲ್ಲಿರುವುದರ ಶೇಕಡಾ 0.0005ರಷ್ಟು ಮಾತ್ರ. ಬೆಳಕಿನ ವಿಷಯದಲ್ಲಿ ಇಷ್ಟು ಅಲ್ಪತೃಪ್ತವಾದ ಜೀವಿಗೆ ಕಡಲಿನಲ್ಲಿ ನಿಜವಾಗಿ ಕೊರತೆಯಾಗುವುದು ಅಂಟಿಕೊಳ್ಳಲು ಬೇಕಾದ ಗಟ್ಟಿ ನೆಲ.

ಪ್ರಶ್ನೆ: ದೈತ್ಯ ಕೆಲ್ಪ್ ಎಂಬ ಕಡಲಪಾಚಿ ದಿನಕ್ಕೆ ಅರ್ಧ ಮೀಟರ್‌ವರೆಗೂ ಬೆಳೆಯಬಲ್ಲದು ಎಂದು ಓದಿದ್ದೇನೆ. ಕೋರಲೈನ್ ಹಕ್ಕಳೆಯಾದರೋ ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುತ್ತದೆ. ಹೀಗಿರುವಾಗ ಬಂಡೆಗಳೆಲ್ಲ ವೇಗವಾಗಿ ಬೆಳೆಯುವ ಪಾಚಿಗಳ ಪಾಲಾಗದೆ ಹಕ್ಕಳೆಗಳು ಉಳಿದಿರುವುದಾದರೂ ಹೇಗೆ?

ಉತ್ತರ: ವೇಗದಲ್ಲಿ ಹಕ್ಕಳೆ ಸೋಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮೇಯುವ ಪ್ರಾಣಿಗಳಿಲ್ಲದ ಕಡೆ, ಬೆಳಕು ಚೆನ್ನಾಗಿರುವ ಕಡೆ, ಮೃದುಪಾಚಿಗಳ ಬೀಜಕಗಳು ಹಕ್ಕಳೆಯ ಬೆನ್ನ ಮೇಲೇ ಬಂದು ಕುಳಿತು, ಮೊಳೆತು, ಅದನ್ನು ಮುಚ್ಚಿಬಿಡುತ್ತವೆ. ಆದರೆ ಕಡಲಿನಲ್ಲಿ ಮೇಯುವವರಿಲ್ಲದ ಬಂಡೆ ಅಪರೂಪ. ಸೀ ಅರ್ಚಿನ್ ಎಂಬ ಮುಳ್ಳುಮುಳ್ಳಾದ ದುಂಡು ಪ್ರಾಣಿ, ಬಂಡೆಗೆ ಕಚ್ಚಿ ಕೂರುವ ಲಿಂಪೆಟ್ ಎಂಬ ಚಿಪ್ಪಿನ ಹುಳು, ಅದರಂತೆಯೇ ಬಂಡೆಗೆ ಅಂಟಿಕೊಳ್ಳುವ ಕೈಟನ್ ಎಂಬ ಚಿಪ್ಪಿನ ಪ್ರಾಣಿ, ಗಿಳಿಮೀನು ಮುಂತಾದವು ದಿನವಿಡೀ ಬಂಡೆಯನ್ನು ಕೆರೆಯುತ್ತಲೇ ಇರುತ್ತವೆ. ಲಿಂಪೆಟ್ ಮತ್ತು ಕೈಟನ್‌ಗಳ ನಾಲಿಗೆಯ ಪಟ್ಟಿಯಲ್ಲಿರುವ ಹಲ್ಲುಗಳಿಗೆ ಕಬ್ಬಿಣದ ಖನಿಜಗಳ ಲೇಪವಿದೆ, ಕಲ್ಲನ್ನೂ ಕೆರೆಯುವಷ್ಟು ಬಲವಿದೆ. ಇಂಥ ಹಲ್ಲಿನ ಕೆಳಗೆ ಮೃದುಪಾಚಿಯ ಮೊಳಕೆ ಒಂದೇ ಬಾರಿಗೆ ಬುಡಸಹಿತ ಹೋಗುತ್ತದೆ. ಸುಣ್ಣಗಟ್ಟಿದ ಹಕ್ಕಳೆ ಮಾತ್ರ ಮೇಲ್ಪದರವನ್ನಷ್ಟೇ ಕಳೆದುಕೊಂಡು ಉಳಿಯುತ್ತದೆ.

ಉಳಿಯುವುದರ ಗುಟ್ಟು ಅದರ ಮೈಯ ರಚನೆಯಲ್ಲಿದೆ. ಬಹುಪಾಲು ಪಾಚಿಗಳಲ್ಲಿ ಹೊಸ ಜೀವಕೋಶಗಳು ಹುಟ್ಟುವ ಜಾಗ ತುದಿಯಲ್ಲಿ ಅಥವಾ ಹೊರಮೈಯಲ್ಲಿ ಇರುತ್ತದೆ, ಅಲ್ಲಿ ಕಚ್ಚಿದರೆ ಬೆಳವಣಿಗೆಯೇ ನಿಲ್ಲುತ್ತದೆ. ಕೋರಲೈನ್ ಹಕ್ಕಳೆಯಲ್ಲಿ ಆ ಪದರ ಒಂದಿಷ್ಟು ಕೆಳಗಿದ್ದು, ಅದರ ಮೇಲೆ ಹೊರಪದರವೊಂದು ಹೊದಿಕೆಯಾಗಿ ಕೂತಿರುತ್ತದೆ. ಮೇಯುವ ಪ್ರಾಣಿ ಹೊದಿಕೆಯನ್ನು ಕೆರೆದುಕೊಂಡು ಹೋದರೆ ಕೆಳಗಿನ ಪದರ ಮತ್ತೆ ಹೊದಿಕೆಯನ್ನು ಕಟ್ಟಿಕೊಳ್ಳುತ್ತದೆ. ಬೀಜಕಗಳನ್ನು ಹೊರುವ ಅಂಗಗಳು ಕೂಡ ಎಷ್ಟೋ ಜಾತಿಗಳಲ್ಲಿ ಮೇಲ್ಮೈಗಿಂತ ಕೆಳಗೆ, ಸಣ್ಣ ಗುಳಿಗಳೊಳಗೆ ಹುದುಗಿರುತ್ತವೆ.

ಮೇಯುವುದನ್ನು ಸಹಿಸಿಕೊಳ್ಳುವುದು ಒಂದು ಹಂತವಾದರೆ ಅದನ್ನೇ ನಂಬಿ ಬದುಕುವುದು ಇನ್ನೊಂದು ಹಂತ. ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಕ್ಲಾಥ್ರೊಮಾರ್ಫಮ್ ಎಂಬ ಹಕ್ಕಳೆಯನ್ನೂ ಅದರ ಮೇಲೆ ಮೇಯುವ ಲಿಂಪೆಟ್ ಒಂದನ್ನೂ ಅಧ್ಯಯನ ಮಾಡಿದ ರಾಬರ್ಟ್ ಸ್ಟೆನೆಕ್ 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಂಬಂಧವನ್ನು ವಿವರಿಸಿದ್ದಾರೆ. ಆ ಹಕ್ಕಳೆಯ ಹೊರಪದರ ಹಲವು ಜೀವಕೋಶಗಳಷ್ಟು ದಪ್ಪವಾಗಿದ್ದು, ಲಿಂಪೆಟ್ ಅದನ್ನೇ ಆಹಾರವಾಗಿ ತಿನ್ನುತ್ತದೆ. ಬೆಳೆಯುವ ಪದರಕ್ಕೆ ಅದರ ಹಲ್ಲು ತಾಗುವುದಿಲ್ಲ. ಲಿಂಪೆಟ್‌ಗಳನ್ನು ತೆಗೆದುಹಾಕಿದರೆ ಹಕ್ಕಳೆ ನೆಮ್ಮದಿಯಾಗಿರಬಹುದೆಂದು ನಾವು ಊಹಿಸುತ್ತೇವೆ. ಆಗುವುದು ಅದರ ವಿರುದ್ಧ: ಹೊರಪದರ ಅತಿಯಾಗಿ ದಪ್ಪವಾಗಿ, ಅದರ ಮೇಲೆ ಬೇರೆ ಜೀವಿಗಳು ನೆಲೆಯೂರಿ, ಹಕ್ಕಳೆ ನಲುಗುತ್ತದೆ. ತನ್ನನ್ನು ತಿನ್ನುವವನೇ ಕಳೆ ಕೀಳುವವನೂ ಆಗಿರುವ ಈ ಏರ್ಪಾಡು, ನನ್ನ ದೃಷ್ಟಿಯಲ್ಲಿ, ಕಡಲ ಜೀವಶಾಸ್ತ್ರದ ಅತ್ಯಂತ ಸುಂದರವಾದ ಸಂಗತಿಗಳಲ್ಲೊಂದು.

ಮೇಯುವವರು ಸಾಲದೆಹೋದರೆ ಹಕ್ಕಳೆ ತಾನೇ ಕೈಹಾಕುವುದೂ ಉಂಟು. ಕೆಲವು ಜಾತಿಗಳು ಹೊರಪದರವನ್ನು ಪೊರೆಯಂತೆ ಆಗಾಗ ಕಳಚಿಹಾಕುತ್ತವೆ, ಅದರೊಂದಿಗೆ ಮೇಲೆ ಕೂತ ಮೊಳಕೆಗಳೂ ಹೋಗುತ್ತವೆ. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಫೈಮಟೋಲಿಥಾನ್ ಎಂಬ ಹಕ್ಕಳೆ ಮೇಯುವ ಪ್ರಾಣಿಗಳ ನೆರವಿಲ್ಲದೆಯೂ ಹೀಗೆ ಕಡಲಪಾಚಿಗಳ ಅತಿಕ್ರಮಣವನ್ನು ತಡೆಯಬಲ್ಲದು ಎಂಬುದನ್ನು ಜಾನ್ಸನ್ ಮತ್ತು ಮ್ಯಾನ್ 1986ರಲ್ಲಿ ವರದಿ ಮಾಡಿದರು.

ಪ್ರಶ್ನೆ: ಹಕ್ಕಳೆಗಳಲ್ಲೇ ಹಲವು ಜಾತಿಗಳಿವೆಯಲ್ಲ, ಎರಡು ಹಕ್ಕಳೆಗಳು ಹರಡುತ್ತ ಹರಡುತ್ತ ಒಂದಕ್ಕೊಂದು ಎದುರಾದಾಗ ಏನಾಗುತ್ತದೆ? ಬಲಶಾಲಿಯಾದುದು ಉಳಿದವನ್ನೆಲ್ಲ ಅಳಿಸಿಹಾಕುವುದಿಲ್ಲವೇ?

ಉತ್ತರ: ಈ ಪ್ರಶ್ನೆಯನ್ನು ಇಟ್ಟುಕೊಂಡೇ ರಾಬರ್ಟ್ ಪೇನ್ ಎಂಬ ಪರಿಸರವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ತುದಿಯಾಚೆ ಇರುವ ಟಟೂಶ್ ದ್ವೀಪದಲ್ಲಿ ಕೆಲಸ ಮಾಡಿದರು. ಉಬ್ಬರವಿಳಿತದ ಪಟ್ಟಿಯ ಬಂಡೆಗಳ ಮೇಲೆ ಅಲ್ಲಿ ಹಲವು ಜಾತಿಯ ಹಕ್ಕಳೆಗಳು ಒಂದರ ಪಕ್ಕ ಒಂದು ಬೆಳೆಯುತ್ತವೆ. ಬೇರೆ ಬೇರೆ ಜಾತಿಗಳ ತುಣುಕುಗಳನ್ನು ಅಂಚಿಗೆ ಅಂಚು ತಾಗುವಂತೆ ಕೂರಿಸಿ, ಕೆಲವು ಕಡೆ ಮೇಯುವ ಪ್ರಾಣಿಗಳನ್ನು ದೂರವಿಟ್ಟು, ಕೆಲವು ಕಡೆ ಬಿಟ್ಟು, ಯಾವುದು ಯಾವುದರ ಮೇಲೆ ಹತ್ತುತ್ತದೆ ಎಂಬುದನ್ನು ಅವರು ಗಮನಿಸಿದರು. ಫಲಿತಾಂಶ 1984ರಲ್ಲಿ ಪ್ರಕಟವಾಯಿತು.

ಮೇಯುವವರಿಲ್ಲದ ಕಡೆ ಉತ್ತರ ಸ್ಪಷ್ಟವಾಗಿತ್ತು. ಇಲ್ಲಿ ಜಗಳವೆಂದರೆ ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಏರಿ ಮುಚ್ಚುವುದು. ಅಂಚು ದಪ್ಪವಾಗಿದ್ದಷ್ಟೂ ಏರುವುದು ಸುಲಭ, ತೆಳ್ಳಗಿದ್ದಷ್ಟೂ ಕೆಳಗೆ ಸಿಕ್ಕಿಕೊಳ್ಳುವುದು ಖಚಿತ. ಸ್ಯೂಡೊಲಿಥೊಫಿಲಮ್ ಮ್ಯೂರಿಕೇಟಮ್ ಎಂಬ ದಪ್ಪ ಹಕ್ಕಳೆ ಹೆಚ್ಚುಕಡಿಮೆ ಪ್ರತಿಯೊಂದು ಎದುರಾಳಿಯನ್ನೂ ಮುಚ್ಚಿಹಾಕಿತು. ಅದರ ಕೆಳಗೆ ಉಳಿದ ಜಾತಿಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತವು. ತಾವು ಹೇಳುವ ಬಲಶಾಲಿಯ ಏಕಾಧಿಪತ್ಯ ಇದೇ.

ಕೈಟನ್, ಲಿಂಪೆಟ್‌ಗಳು ಇರುವ ಕಡೆ ಈ ಕ್ರಮ ಕದಡಿಹೋಗುತ್ತದೆ. ಏರಿದ ಅಂಚನ್ನು ಅವು ಕಚ್ಚಿದರೆ ಮುನ್ನುಗ್ಗುತ್ತಿದ್ದ ಜಾತಿ ಅಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ತೆಳುವಾದದ್ದೇ ತಿರುಗಿ ಅದರ ಮೇಲೆ ಹತ್ತುತ್ತದೆ. ಮುನ್ನಡೆ ನಿಧಾನವಾಗುತ್ತದೆ, ಗೆದ್ದವರು ಸೋಲುತ್ತಾರೆ, ಎಷ್ಟೋ ಗಡಿಗಳು ಯಾರೂ ಗೆಲ್ಲದೆ ಹಾಗೆಯೇ ನಿಂತುಬಿಡುತ್ತವೆ. ಬಂಡೆಯ ಮೇಲೆ ಹಲವು ಜಾತಿಗಳು ಒಟ್ಟಿಗೆ ಉಳಿಯಲು ಇದು ಕಾರಣವಾಗುತ್ತದೆ. ಆದ್ದರಿಂದ ಎರಡು ಹಕ್ಕಳೆಗಳ ನಡುವಿನ ಗಡಿಯನ್ನು ನೋಡಿ ಯಾವುದು ಬಲವಾದದ್ದು ಎಂದು ಕೇಳುವ ಮೊದಲು ಅಲ್ಲಿ ಮೇಯುತ್ತಿರುವುದು ಯಾರು ಎಂದು ಕೇಳಬೇಕು. ಬಲವೆಂಬುದು ಹಕ್ಕಳೆಯೊಳಗೆ ಅಡಗಿಕೊಂಡಿರುವ ಗುಣವೆಂದು ಭಾವಿಸಿದರೆ ಈ ಬಂಡೆಗಳು ಅರ್ಥವಾಗುವುದೇ ಇಲ್ಲ.

ಮೇಯುವವರು ಬಾರದ ಕತ್ತಲ ಸಂದುಗಳಲ್ಲೂ ಒಂದೇ ಜಾತಿ ಎಲ್ಲವನ್ನೂ ನುಂಗಿಬಿಡುವುದಿಲ್ಲ ಎಂಬುದಕ್ಕೆ ಬೇರೊಂದು ಕಾರಣವಿರಬಹುದು. ಜಮೈಕಾದ ಹವಳಗಳ ಅಡಿಭಾಗದಲ್ಲಿ ನೆಲೆಸಿರುವ ಜೀವಿಗಳನ್ನು ನೋಡಿದ ಬಸ್ ಮತ್ತು ಜಾಕ್ಸನ್ 1979ರಲ್ಲಿ ಬರೆದಂತೆ, ಅಲ್ಲಿ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ಮುಚ್ಚುವಂಥ ಸುತ್ತುಗಳಿವೆ. ಸುತ್ತು ಪೂರ್ಣವಾಗುವಾಗ ಕೊನೆಯ ವಿಜೇತ ಎಂಬವರೇ ಇರುವುದಿಲ್ಲ.

ಪ್ರಶ್ನೆ: ಬೇರೊಂದು ಜೀವಿ ಮೇಲೆ ಹತ್ತಿ ಮುಚ್ಚಿದೊಡನೆ ಕೆಳಗಿನ ಹಕ್ಕಳೆ ಸತ್ತುಹೋಗುತ್ತದೆಯೇ?

ಉತ್ತರ: ಮುಚ್ಚಿದ್ದು ಏನು ಎಂಬುದರ ಮೇಲೆ ಅದು ನಿಂತಿದೆ. ಎತ್ತರದ ಕೆಲ್ಪ್ ಕಾಡು ನೆರಳನ್ನಷ್ಟೇ ಕೊಡುತ್ತದೆ, ಆ ನೆರಳಿನಲ್ಲಿ ಹಕ್ಕಳೆಗಳು ಚೆನ್ನಾಗಿಯೇ ಬಾಳುತ್ತವೆ. ಕೆಲ್ಪ್ ಕಾಡುಗಳ ನೆಲವನ್ನು ಬಹುಪಾಲು ಆವರಿಸಿರುವುದು ಇವೇ. ಅಪಾಯವಿರುವುದು ಗಿಡ್ಡನೆಯ, ಒತ್ತೊತ್ತಾದ ಹುಲ್ಲುಹಾಸಿನಂಥ ಪಾಚಿಯಲ್ಲಿ. ಅದು ಕೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಸರಿನಡಿಯಲ್ಲಿ ಬೆಳಕೂ ನೀರಿನ ಚಲನೆಯೂ ಇಲ್ಲದೆ ಹಕ್ಕಳೆ ಉಸಿರುಗಟ್ಟುತ್ತದೆ. ಸತ್ತ ಹಕ್ಕಳೆ ಬಣ್ಣ ಕಳೆದುಕೊಂಡು ಬಿಳಿಯಾಗುತ್ತದೆ, ಕೆಲವೇ ದಿನಗಳಲ್ಲಿ ಹಸಿರು ಪಾಚಿ ಅದರ ಮೇಲೆ ನೆಲೆಯೂರುತ್ತದೆ.

ಪ್ರಶ್ನೆ: ಕೋರಲೈನ್ ಪಾಚಿ ಹವಳದ ಮಿತ್ರನೋ, ಶತ್ರುವೋ? ಎರಡಕ್ಕೂ ಬೇಕಾಗಿರುವುದು ಅದೇ ಬಂಡೆಯಲ್ಲವೇ?

ಉತ್ತರ: ಎರಡೂ ಹೌದು, ಮತ್ತು ಯಾವ ಜಾತಿಯ ಪಾಚಿ ಎಂಬುದು ಇಲ್ಲಿ ಬಹಳ ಮುಖ್ಯ. ಹವಳದ ಮರಿ, ಅಂದರೆ ನೀರಿನಲ್ಲಿ ತೇಲಾಡುವ ಲಾರ್ವಾ, ಒಮ್ಮೆ ಒಂದು ಕಡೆ ಅಂಟಿಕೊಂಡರೆ ಮತ್ತೆ ಜಾಗ ಬದಲಿಸಲಾರದು. ಆದುದರಿಂದ ಅದು ಇಳಿಯುವ ಮುನ್ನ ಬಂಡೆಯನ್ನು ಪರೀಕ್ಷಿಸುತ್ತದೆ, ಮತ್ತು ಬಹಳಷ್ಟು ಹವಳಗಳಿಗೆ ಒಪ್ಪಿಗೆಯ ಗುರುತು ಕೋರಲೈನ್ ಹಕ್ಕಳೆಗಳಿಂದ ಹೊರಡುವ ರಾಸಾಯನಿಕ. ಆ ರಾಸಾಯನಿಕಗಳಲ್ಲಿ ಕೆಲವನ್ನು ತಯಾರಿಸುವುದು ಹಕ್ಕಳೆಯ ಮೇಲೆ ವಾಸಿಸುವ ಬ್ಯಾಕ್ಟೀರಿಯಾ ಎಂಬುದೂ ಈಗ ತಿಳಿದಿದೆ, ಟೆಟ್ರಾಬ್ರೋಮೊಪಿರೋಲ್ ಅಂಥದ್ದೊಂದು. ಅಬಲೋನಿ ಎಂಬ ಚಿಪ್ಪಿನ ಪ್ರಾಣಿಯ ಮರಿಗಳೂ ಇದೇ ಪಾಚಿಯನ್ನು ಹುಡುಕಿಕೊಂಡು ಬಂದು ಇಳಿಯುತ್ತವೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹ್ಯಾರಿಂಗ್ಟನ್ ಮತ್ತು ಸಂಗಡಿಗರು ಮಾಡಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು. ಅಕ್ರೊಪೊರಾ ಹವಳದ ಲಾರ್ವಾಗಳು ಟೈಟನೊಡರ್ಮಾ ಪ್ರೊಟೊಟೈಪಮ್ ಎಂಬ ತೆಳುವಾದ ಹಕ್ಕಳೆಯನ್ನು ಬೇರೆಲ್ಲ ಮೇಲ್ಮೈಗಳಿಗಿಂತ ಹೆಚ್ಚಾಗಿ ಆರಿಸಿಕೊಂಡವು, ಅಲ್ಲಿ ಇಳಿದವು ಬದುಕಿ ಉಳಿದದ್ದೂ ಹೆಚ್ಚು. ಬೇರೆ ಕೆಲವು ಹಕ್ಕಳೆಗಳ ಮೇಲೆ ಇಳಿದ ಮರಿಗಳ ಪಾಡು ಹೀಗಿರಲಿಲ್ಲ; ಹಕ್ಕಳೆ ಪೊರೆ ಕಳಚಿದಾಗ ಅವು ಪೊರೆಯೊಂದಿಗೇ ಹೋದವು, ಇಲ್ಲವೇ ಹಕ್ಕಳೆಯೇ ಅವುಗಳ ಮೇಲೆ ಬೆಳೆದು ಮುಚ್ಚಿತು. ಹಿಂದೆ ವಿವರಿಸಿದ ಆತ್ಮರಕ್ಷಣೆಯ ಉಪಾಯಗಳು ಹವಳದ ಮರಿ ಮತ್ತು ಪಾಚಿಯ ಮೊಳಕೆ ಎಂಬ ಭೇದವನ್ನು ಮಾಡುವುದಿಲ್ಲ. ಬೇಗ ಸೋಲುವ ತೆಳು ಜಾತಿಯನ್ನೇ ಹವಳ ಮೆಚ್ಚಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಹವಳ ದೊಡ್ಡದಾದ ಮೇಲೆ ಹಕ್ಕಳೆಯ ಉಪಕಾರ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಅಲೆಗಳು ನೇರವಾಗಿ ಅಪ್ಪಳಿಸುವ ಹೊರ ಅಂಚಿನಲ್ಲಿ ಹವಳಗಳು ನಿಲ್ಲಲಾರವು. ಪೆಸಿಫಿಕ್‌ನ ಎಷ್ಟೋ ಹವಳದ್ವೀಪಗಳಲ್ಲಿ ಆ ಅಂಚನ್ನು ಕಟ್ಟಿ ಹಿಡಿದಿರುವುದು ಪೊರೊಲಿಥಾನ್‌ನಂಥ ಕೋರಲೈನ್ ಪಾಚಿ. ಬ್ರೆಜಿಲ್‌ನ ರೋಕಸ್ ಹವಳದ್ವೀಪವನ್ನು ಕಟ್ಟಿರುವುದಂತೂ ಮುಖ್ಯವಾಗಿ ಈ ಪಾಚಿಗಳೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೆರಿಬಿಯನ್ ಕಡಲಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಜೀವಂತ ಹವಳಗಳ ಮೇಲೆ ಹರಡಿ ಅವನ್ನು ಕೊಲ್ಲುತ್ತಿರುವ ಕಂದುಗೆಂಪು ಹಕ್ಕಳೆಯೊಂದರ ಸುದ್ದಿ ಬರುತ್ತಿದೆ. ಅದು ಪೇಸೊನೀಲಿಯಾ ಬಳಗದ ರಾಮಿಕ್ರಸ್ಟಾ ಮುಂತಾದ ಪಾಚಿಗಳ ಕೆಲಸ. ಅವೂ ಕೆಂಪು ಪಾಚಿಗಳೇ ಆದರೂ ಕೋರಲೈನ್ ಬಳಗಕ್ಕೆ ಸೇರಿದವಲ್ಲ, ಹವಳದ ಮರಿಗಳಿಗೆ ಅವು ಒಳ್ಳೆಯ ನೆಲೆಯೂ ಅಲ್ಲ. ದೂರದಿಂದ ಹೋಲುತ್ತವೆ ಎಂಬ ಕಾರಣಕ್ಕೆ ಒಂದರ ಅಪರಾಧವನ್ನು ಇನ್ನೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪ್ರಶ್ನೆ: ಮೇಯುವ ಪ್ರಾಣಿಗಳು ಹಕ್ಕಳೆಗೆ ಸಹಾಯ ಮಾಡುತ್ತವೆ ಎನ್ನುವುದಾದರೆ, ಸೀ ಅರ್ಚಿನ್‌ಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದು ಹೇಳಬಹುದೇ?

ಉತ್ತರ: ಹೇಳಲಾಗದು. ಅರ್ಚಿನ್‌ಗಳು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ 1983–84ರ ಕೆರಿಬಿಯನ್ ಸಾಕ್ಷಿ: ರೋಗವೊಂದು ಹಬ್ಬಿ ಡೈಯಡೀಮಾ ಎಂಬ ಉದ್ದ ಮುಳ್ಳಿನ ಅರ್ಚಿನ್‌ಗಳಲ್ಲಿ ಬಹುಪಾಲು ಸತ್ತವು, ಹಕ್ಕಳೆ ಮತ್ತು ಹವಳಗಳಿದ್ದ ಜಾಗವನ್ನು ಮೃದುಪಾಚಿಗಳು ಆಕ್ರಮಿಸಿದವು. ಅತಿಯಾದರೆ ಏನಾಗುತ್ತದೆ ಎಂಬುದು ತಂಪು ಕಡಲುಗಳಲ್ಲಿ ಕಾಣುತ್ತದೆ. ಅರ್ಚಿನ್‌ಗಳು ಕೆಲ್ಪ್ ಕಾಡನ್ನು ಪೂರ್ತಿ ಬೋಳಿಸಿದ ಮೇಲೆ ಉಳಿಯುವುದು ಗುಲಾಬಿ ಹಕ್ಕಳೆ ಮಾತ್ರ, ಅದನ್ನು ಅರ್ಚಿನ್ ಬಂಜರು ಎನ್ನುತ್ತಾರೆ. ಅಲ್ಲಿ ಜಾಗದ ಹೋರಾಟದಲ್ಲಿ ಕೋರಲೈನ್ ಗೆದ್ದಿದೆ ನಿಜ, ಆದರೆ ಕಾಡನ್ನು ನಂಬಿದ್ದ ಮೀನು ಮತ್ತಿತರ ಜೀವಿಗಳು ಇಲ್ಲವಾಗಿವೆ.

ಆ ಗೆಲುವೂ ಶಾಶ್ವತವಲ್ಲ. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಕ್ಲಾಥ್ರೊಮಾರ್ಫಮ್ ನೆರಿಯೊಸ್ಟ್ರೇಟಮ್ ಎಂಬ ಕೋರಲೈನ್ ಶತಮಾನಗಳ ಕಾಲ ಪದರದ ಮೇಲೆ ಪದರ ಕಟ್ಟಿ ದಪ್ಪನೆಯ ಸುಣ್ಣದ ದಿಬ್ಬಗಳನ್ನು ನಿರ್ಮಿಸಿದೆ. 1990ರ ದಶಕದಲ್ಲಿ ಅಲ್ಲಿ ಕಡಲ ನೀರುನಾಯಿಗಳ ಸಂಖ್ಯೆ ಕುಸಿಯಿತು, ಅವುಗಳ ಆಹಾರವಾಗಿದ್ದ ಅರ್ಚಿನ್‌ಗಳು ಮಿತಿಮೀರಿ ಹೆಚ್ಚಿದವು, ಕೆಲ್ಪ್ ಮುಗಿದ ಮೇಲೆ ಅವು ಈ ದಿಬ್ಬಗಳನ್ನೇ ಕೊರೆಯತೊಡಗಿದವು. ಬಿಸಿಯೂ ಆಮ್ಲೀಯವೂ ಆಗುತ್ತಿರುವ ನೀರಿನಲ್ಲಿ ಅರ್ಚಿನ್‌ನ ಕೊರೆತ ಇನ್ನಷ್ಟು ಮಾರಕವಾಗುತ್ತದೆ ಎಂದು ರ‍್ಯಾಶರ್ ಮತ್ತು ಸಂಗಡಿಗರ 2020ರ ಅಧ್ಯಯನ ತೋರಿಸಿದೆ. ಮೇಲ್ಪದರವನ್ನು ಕೆರೆಯುವುದಕ್ಕೂ ಬೆಳೆಯುವ ಪದರವನ್ನೇ ಕಿತ್ತುಹಾಕುವುದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಮೊದಲನೆಯದು ಆರೈಕೆ, ಎರಡನೆಯದು ವಿನಾಶ.

ಪ್ರಶ್ನೆ: ಕಡಲು ಆಮ್ಲೀಯವಾಗುತ್ತಿದೆ ಎನ್ನುವ ಸುದ್ದಿಗೂ ಈ ಹೋರಾಟಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ನೇರವಾದ ಸಂಬಂಧವಿದೆ. ಗಾಳಿಯಲ್ಲಿ ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಅನ್ನು ಕಡಲು ಹೀರಿಕೊಂಡಂತೆ ನೀರಿನ ಪಿಎಚ್ ಇಳಿಯುತ್ತದೆ; ಈ ಅಳತೆ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯವೆಂದು ಅರ್ಥ. ಕೈಗಾರಿಕಾ ಯುಗದ ಆರಂಭದಿಂದ ಇಲ್ಲಿಯವರೆಗೆ ಮೇಲ್ಮೈ ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಸುಣ್ಣದ ಹರಳುಗಳಲ್ಲಿ ಮೆಗ್ನೀಸಿಯಂ ಹೆಚ್ಚಿರುವ ಕ್ಯಾಲ್ಸೈಟ್ ಎಲ್ಲಕ್ಕಿಂತ ಬೇಗ ಕರಗುವಂಥದ್ದು, ಮತ್ತು ಕೋರಲೈನ್‌ಗಳ ಮೈಯಲ್ಲಿರುವುದು ಅದೇ. ಹವಾಯಿಯಲ್ಲಿ ಕಡಲನೀರಿನ ತೊಟ್ಟಿಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಮ್ಲೀಯಗೊಳಿಸಿದ ತೊಟ್ಟಿಗಳಲ್ಲಿ ಹಕ್ಕಳೆಗಳು ಆವರಿಸಿದ ಜಾಗ ಸಾಮಾನ್ಯ ನೀರಿನ ತೊಟ್ಟಿಗಳಿಗಿಂತ ಶೇಕಡಾ 92ರಷ್ಟು ಕಡಿಮೆಯಾಗಿತ್ತು, ಸುಣ್ಣವಿಲ್ಲದ ಪಾಚಿಗಳು ಆವರಿಸಿದ ಜಾಗ ಶೇಕಡಾ 52ರಷ್ಟು ಹೆಚ್ಚಿತ್ತು.

ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡಿದ್ದು ಟಟೂಶ್ ದ್ವೀಪದ ಮುಂದಿನ ಕಥೆ. ಸೋಫಿ ಮೆಕಾಯ್ ಮತ್ತು ಕ್ಯಾಥರೀನ್ ಫಿಸ್ಟರ್ ಪೇನ್ ಅವರ ಪ್ರಯೋಗವನ್ನು ಅದೇ ದ್ವೀಪದಲ್ಲಿ, ಅದೇ ಜಾತಿಗಳೊಂದಿಗೆ ಮೂರು ದಶಕಗಳ ಬಳಿಕ ಮತ್ತೆ ಮಾಡಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಮೇಯುವವರಿಲ್ಲದ ಕಡೆ ಹಿಂದೆ ಹೆಚ್ಚುಕಡಿಮೆ ಪ್ರತಿ ಬಾರಿಯೂ ಗೆಲ್ಲುತ್ತಿದ್ದ ಸ್ಯೂಡೊಲಿಥೊಫಿಲಮ್ ಮ್ಯೂರಿಕೇಟಮ್ ಈ ಬಾರಿ ಗೆದ್ದದ್ದು ಕಾಲು ಭಾಗಕ್ಕಿಂತಲೂ ಕಡಿಮೆ ಸಂದರ್ಭಗಳಲ್ಲಿ. ಆ ಜಾಗಕ್ಕೆ ಹೊಸ ಅಧಿಪತಿ ಬಂದಿರಲಿಲ್ಲ. ಜಾತಿಗಳ ಬಲಾಬಲ ಹತ್ತಿರ ಹತ್ತಿರ ಬಂದು, ಗೆಲುವು ಕೈಯಿಂದ ಕೈಗೆ ಸುತ್ತತೊಡಗಿತ್ತು. ದಶಕಗಳ ಹಿಂದೆ ಸಂಗ್ರಹಿಸಿಟ್ಟಿದ್ದ ಮಾದರಿಗಳ ಜೊತೆ ಹೋಲಿಸಿದಾಗ ಆ ಹಕ್ಕಳೆಯ ದಪ್ಪ ಸುಮಾರು ಅರ್ಧಕ್ಕೆ ಇಳಿದಿರುವುದು ಕಂಡುಬಂತು. ದಪ್ಪ ಅಂಚೇ ಅದರ ಅಸ್ತ್ರವಾಗಿತ್ತಲ್ಲವೇ, ಸುಣ್ಣ ಕಟ್ಟುವುದು ದುಬಾರಿಯಾದಾಗ ಮೊದಲು ಸವೆದದ್ದು ಅದೇ. ದ್ವೀಪದ ಸುತ್ತ 2000ದಿಂದ ಅಳೆಯುತ್ತ ಬಂದಿರುವ ಪಿಎಚ್ ನಿರೀಕ್ಷೆಗಿಂತ ವೇಗವಾಗಿ ಇಳಿದಿರುವುದೂ ದಾಖಲಾಗಿದೆ. ಹಕ್ಕಳೆಗಳು ಸತ್ತು ಬೀಳುವುದಕ್ಕೆ ಬಹಳ ಮುಂಚೆಯೇ ಅವುಗಳ ಪರಸ್ಪರ ಸಂಬಂಧ ಬದಲಾಗಿಬಿಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಬಂಡೆಯ ಮೇಲೆ ಎಷ್ಟು ಭಾಗ ಗುಲಾಬಿಯಾಗಿದೆ ಎಂದು ಅಳೆದು ಸುಮ್ಮನಾಗುವ ಸಮೀಕ್ಷೆಗಳಿಗೆ ಈ ಬದಲಾವಣೆ ಕಾಣಿಸುವುದೇ ಇಲ್ಲ.

ಪ್ರಶ್ನೆ: ಬಂಡೆಯೇ ಇಲ್ಲದ ಕಡೆ ಈ ಪಾಚಿಗಳು ಬದುಕಲಾರವೇ?

ಉತ್ತರ: ಬದುಕುತ್ತವೆ. ಸಣ್ಣ ಕಲ್ಲಿನ ಚೂರು ಅಥವಾ ಚಿಪ್ಪಿನ ಸುತ್ತ ಬೆಳೆದು, ಇಲ್ಲವೇ ಮುರಿದ ತುಣುಕಾಗಿಯೇ ಬೆಳೆದು, ಗುಂಡುಕಲ್ಲಿನಂತೆ ಕಡಲತಳದಲ್ಲಿ ಬಿಡಿಯಾಗಿ ಹರಡಿಕೊಂಡಿರುವ ಕೋರಲೈನ್‌ಗಳಿಗೆ ರೋಡೊಲಿಥ್ ಎಂದು ಹೆಸರು. ಅಲೆ, ಪ್ರವಾಹ ಮತ್ತು ಪ್ರಾಣಿಗಳು ಅವನ್ನು ಆಗಾಗ ಹೊರಳಿಸುತ್ತಿರುವುದರಿಂದ ಎಲ್ಲ ಬದಿಗೂ ಬೆಳಕು ಸಿಗುತ್ತದೆ, ಮೇಲೆ ಬೇರೆ ಪಾಚಿ ನೆಲೆಯೂರುವುದೂ ಕಷ್ಟವಾಗುತ್ತದೆ. ಬ್ರೆಜಿಲ್‌ನ ಅಬ್ರೊಲ್ಯೋಸ್ ಕಡಲತಟ್ಟಿನಲ್ಲಿ ಇಂಥ ಗುಂಡುಗಳು ಸುಮಾರು 20,900 ಚದರ ಕಿಲೋಮೀಟರ್ ತಳವನ್ನು ಆವರಿಸಿವೆ. ಮರಳಿನ ತಳದಲ್ಲಿ ಗಟ್ಟಿ ನೆಲವನ್ನು ಹುಡುಕುವ ಸ್ಪಂಜು, ಮೃದುಪಾಚಿ, ಚಿಪ್ಪುಹುಳುಗಳಿಗೆ ಆ ಗುಂಡುಗಳೇ ಬಂಡೆಯಾಗಿ ಒದಗುತ್ತವೆ.